ಅವ್ವನ ಕಿಡ್ನಿಯ 98 ನಿಮಿಷ: ಬೆಳಗಾವಿಯ ಒಂದು ಕಸಿ ವಿಭಾಗದ ಸೇವೆ ಕುರಿತು

ನನ್ನ ತಮ್ಮನಿಗೆ ನಮ್ಮ ಅವ್ವ ಕಿಡ್ನಿ ಕೊಟ್ಟು ಏಳು ತಿಂಗಳಾಯಿತು. ಶಸ್ತ್ರಚಿಕಿತ್ಸೆ ನಡೆದದ್ದು ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯ ಕಸಿ ವಿಭಾಗದಲ್ಲಿ. ಅಲ್ಲಿಯ ಸೇವೆ ಹೇಗಿದೆ ಎಂದು ವಿಜಯಪುರ, ಇಂಡಿ, ಜಮಖಂಡಿ ಕಡೆಯ ಡಯಾಲಿಸಿಸ್ ಕುಟುಂಬದವರು ವಾರಕ್ಕೊಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ. ಕೋಣೆ ಹೇಗಿದೆ, ಊಟದ ವ್ಯವಸ್ಥೆ ಏನು, ಬಿಲ್ ಎಷ್ಟಾಯಿತು, ಡಾಕ್ಟರು ಮಾತನಾಡಲು ಸಿಗುತ್ತಾರೆಯೇ ಎಂದೆಲ್ಲ ವಿಚಾರಿಸುತ್ತಾರೆ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಕಿಡ್ನಿ ಅವ್ವನ ಹೊಟ್ಟೆಯಿಂದ ಹೊರಬಂದು, ತಮ್ಮನ ಹೊಟ್ಟೆ ಸೇರಿ, ಅದರೊಳಗೆ ಮತ್ತೆ ರಕ್ತ ಹರಿಯುವ ತನಕ ಅದನ್ನು ಹೇಗೆ ಕಾಪಾಡಿದರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಒಂದು ಕಸಿ ವಿಭಾಗ ಎಂಥದು ಎಂದು ತಿಳಿಯಲು ಮೊದಲು ಕೇಳಬೇಕಾದದ್ದು ಇದನ್ನೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಕಾರಣಕ್ಕೆ ಈ ವಿಮರ್ಶೆಯ ಬಹುಪಾಲು ಅದರ ಸುತ್ತಲೇ ಇದೆ. ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ. ಇದು ಒಂದೇ ಮನೆಯ ಅನುಭವ, ಮೆಚ್ಚುಗೆಯ ಜೊತೆಗೆ ತಕರಾರುಗಳೂ ಇದರಲ್ಲಿವೆ, ಮತ್ತು ನನ್ನ ಮಾತು ಬೆಳಗಾವಿಯ ಯಾವ ಕಸಿ ವಿಭಾಗಕ್ಕೆ ಹೋಗುವವರಿಗೂ ಉಪಯೋಗಕ್ಕೆ ಬರಬೇಕು.

ನನಗೆ ಈ ಪ್ರಶ್ನೆ ಹೊಳೆದದ್ದು ನನ್ನ ಕೆಲಸದಿಂದ. ವಿಜಯಪುರದ ಹತ್ತಿರ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಮೇಲ್ವಿಚಾರಕನಾಗಿದ್ದೇನೆ. ಒಣದ್ರಾಕ್ಷಿಯನ್ನು ನಮ್ಮ ಕಡೆ ಮಣೂಕ ಎನ್ನುತ್ತೇವೆ. ತಿಕೋಟಾ, ಬಬಲೇಶ್ವರ ಕಡೆಯ ರೈತರು ತಂದಿಟ್ಟ ಮಣೂಕದ ಬಾಕ್ಸುಗಳನ್ನು ತಿಂಗಳುಗಟ್ಟಲೆ ಬಣ್ಣ ಕೆಡದಂತೆ ಕಾಯುವುದು ನನ್ನ ಹೊಣೆ. ಎರಡು ತಾಸಿಗೊಮ್ಮೆ ಕೋಣೆಯ ಉಷ್ಣತೆ ನೋಡಿ ರಜಿಸ್ಟರಿನಲ್ಲಿ ಬರೆಯುತ್ತೇವೆ. ನಾಲ್ಕು ಡಿಗ್ರಿಯ ಆಸುಪಾಸಿನ ತಂಪು ಎಷ್ಟು ಕೆಲಸ ಮಾಡುತ್ತದೆ, ಎಲ್ಲಿ ಅದರ ಕೈ ಸೋಲುತ್ತದೆ ಎಂಬುದು ನನಗೆ ದಿನನಿತ್ಯದ ಸಂಗತಿ. ಕಿಡ್ನಿಯನ್ನೂ ನಾಲ್ಕು ಡಿಗ್ರಿಯಲ್ಲಿ ಇಡುತ್ತಾರೆ ಎಂದು ತಿಳಿದ ದಿನದಿಂದ ನನ್ನ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ತಮ್ಮನಿಗೆ 34 ವರ್ಷ. ಯಾರೂ ಗಮನಿಸದ ರಕ್ತದೊತ್ತಡದಿಂದ ಅವನ ಎರಡೂ ಕಿಡ್ನಿಗಳು ಕುಗ್ಗಿದ್ದವು. ವಿಜಯಪುರದಲ್ಲಿ ವಾರಕ್ಕೆ ಮೂರು ಸಲದಂತೆ ಹದಿನಾಲ್ಕು ತಿಂಗಳು ಡಯಾಲಿಸಿಸ್ ಆಯಿತು. ಅವ್ವನಿಗೆ 57. ರಕ್ತದ ಗುಂಪು ಹೊಂದಿತು, ಅವ್ವನ ಜೀವಕೋಶಗಳ ಮೇಲೆ ತಮ್ಮನ ರಕ್ತ ತಿರುಗಿಬೀಳುತ್ತದೆಯೇ ಎಂದು ನೋಡುವ ಕ್ರಾಸ್ ಮ್ಯಾಚ್ ಪರೀಕ್ಷೆ ನೆಗೆಟಿವ್ ಬಂತು, ಅಂದರೆ ಅಡ್ಡಿಯಿರಲಿಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ತಾಯಿ ಹತ್ತಿರದ ಸಂಬಂಧಿಯಾದ್ದರಿಂದ ಕಾಗದಪತ್ರದ ಕೆಲಸ ಸುಲಭವಾಯಿತು. ಆದರೂ ಗುರುತಿನ ಚೀಟಿ, ಸಂಬಂಧದ ದಾಖಲೆ, ಅವ್ವನನ್ನು ಒಬ್ಬಳನ್ನೇ ಕೂರಿಸಿ ಕೇಳಿದ ಪ್ರಶ್ನೆಗಳು ಎಲ್ಲ ಸೇರಿ ಐದು ವಾರ ಹಿಡಿಯಿತು. ಯಾರ ಒತ್ತಾಯವೂ ಇಲ್ಲದೆ ಕೊಡುತ್ತಿದ್ದೀರಾ ಎಂದು ಅವಳನ್ನು ಮೂರು ಸಲ ಕೇಳಿದರಂತೆ. ಹಾಗೆ ಕೇಳಿದ್ದು ಸರಿಯಾಗಿತ್ತು.

ಮೊದಲು ನಮಗೆ ಸಿಕ್ಕವರು ಕಸಿ ವಿಭಾಗದ ಆಪ್ತಸಮಾಲೋಚಕರು. ಔಷಧ, ಖರ್ಚು, ಪಥ್ಯ ಎಲ್ಲವನ್ನೂ ಸಮಾಧಾನದಿಂದ ತಿಳಿಸಿದರು. ಕಿಡ್ನಿಯನ್ನು ಹೊರತೆಗೆದ ಮೇಲೆ ಯಾವ ದ್ರಾವಣದಲ್ಲಿ, ಎಷ್ಟು ಹೊತ್ತು ಇಡುತ್ತೀರಿ ಎಂದು ಕೇಳಿದಾಗ ಮಾತ್ರ "ಅದು ಡಾಕ್ಟರ್ ಸಾಹೇಬ್ರ ಕೆಲಸರೀ, ನೀವು ಅದರ ಚಿಂತಿ ಮಾಡಬ್ಯಾಡ್ರಿ" ಎಂದು ಮಾತು ಮುಗಿಸಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಅಂಗ ಕೊಡುವವಳು ನಮ್ಮ ಅವ್ವ. ಕೊಟ್ಟ ಅಂಗ ಏನಾಗುತ್ತದೆ ಎಂದು ತಿಳಿಯುವ ಹಕ್ಕು ಅವಳಿಗಿದೆ, ಮತ್ತು ಆ ಕುರ್ಚಿಯಲ್ಲಿ ಕೂತವರಿಗೆ ಇಷ್ಟನ್ನು ಹೇಳಿಕೊಡುವುದು ವಿಭಾಗದ ಜವಾಬ್ದಾರಿ. ನಾನು ಹಟ ಹಿಡಿದೆ. ಮರುವಾರ ಶಸ್ತ್ರಚಿಕಿತ್ಸಕರೇ ಕರೆಸಿಕೊಂಡು, ಔಷಧದ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಅರ್ಧ ತಾಸು ವಿವರಿಸಿದರು. ಆ ಚೀಟಿ ಈಗಲೂ ನನ್ನ ಬಳಿ ಇದೆ.

ಅವರು ಹೇಳಿದ್ದನ್ನು ಮತ್ತು ಆಮೇಲೆ ನಾನು ಓದಿ ತಿಳಿದದ್ದನ್ನು ಕೂಡಿಸಿ ಬರೆಯುತ್ತೇನೆ. ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಎರಡು ಕಿಡ್ನಿಗಳಿಗೇ ಹೋಗುತ್ತದೆ. ಅಷ್ಟು ರಕ್ತ ಕುಡಿದು ಬದುಕುವ ಅಂಗಕ್ಕೆ ಥಟ್ಟನೆ ರಕ್ತ ನಿಂತರೆ ಅದರ ಜೀವಕೋಶಗಳು ಆಮ್ಲಜನಕವಿಲ್ಲದೆ ದುಡಿಯುತ್ತಲೇ ಹೋಗಿ, ಇದ್ದಬದ್ದ ಶಕ್ತಿಯನ್ನು ಖಾಲಿ ಮಾಡಿಕೊಂಡು ಸಾಯತೊಡಗುತ್ತವೆ. ದೇಹದ ಬಿಸಿಯಲ್ಲಿ ಇದು ನಿಮಿಷಗಳ ಲೆಕ್ಕದ ಮಾತು. ಉಷ್ಣತೆ ಹತ್ತು ಡಿಗ್ರಿ ಇಳಿದಾಗಲೆಲ್ಲ ಜೀವಕೋಶದ ದುಡಿಮೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಡಿಗ್ರಿಗೆ ಬಂದಾಗ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಉಳಿಯುತ್ತದೆ. ದುಡಿಮೆ ಕಡಿಮೆಯಾದಂತೆ ಹಸಿವೂ ಕಡಿಮೆ. ಆದರೆ ಅದು ಪೂರ್ತಿ ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸಕರು ಅದನ್ನು ನಮ್ಮ ಮಾತಿನಲ್ಲೇ ಹೇಳಿದರು: "ಬರ್ಫ ನಮಗ ಟೈಮ್ ಕೊಡ್ತದರೀ. ಆದ್ರ ಅದು ಸಾಲದ ಟೈಮ್. ಬಡ್ಡಿ ಕಿಡ್ನಿನ ಕಟ್ಟಬೇಕಾಗ್ತದ."

ತಂಪಿನಿಂದ ಇನ್ನೊಂದು ತೊಂದರೆ ಹುಟ್ಟುತ್ತದೆ ಎಂಬುದು ನನಗೆ ಹೊಸ ವಿಷಯವಾಗಿತ್ತು. ಪ್ರತಿ ಜೀವಕೋಶದ ಪೊರೆಯಲ್ಲಿ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುವ ಪಂಪುಗಳಿವೆ. ತಂಪಿನಲ್ಲಿ ಅವು ಮಲಗಿಬಿಡುತ್ತವೆ. ಆಗ ಸೋಡಿಯಂ ಒಳಗೆ ನುಗ್ಗುತ್ತದೆ, ಅದರ ಬೆನ್ನಿಗೆ ನೀರು ಬರುತ್ತದೆ, ಜೀವಕೋಶ ಉಬ್ಬುತ್ತದೆ. ಮಣೂಕವನ್ನು ರಾತ್ರಿ ನೀರಿಗೆ ಹಾಕಿ ಬೆಳಿಗ್ಗೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿಡ್ನಿಯ ಸೂಕ್ಷ್ಮ ನಾಳಗಳ ಒಳಪದರ ಹಾಗೆ ಊದಿಕೊಂಡರೆ, ಆಮೇಲೆ ರಕ್ತ ಬಿಟ್ಟರೂ ಅದು ಒಳಗೆ ಸರಿಯಾಗಿ ಹರಿಯುವುದಿಲ್ಲ. ಹೀಗಾಗಿ ಬರೀ ತಣ್ಣನೆಯ ನೀರಾಗಲೀ ಸಾದಾ ಸಲೈನಾಗಲೀ ಸಾಲದು. ಜೀವಕೋಶದ ಪೊರೆಯನ್ನು ದಾಟಲಾರದ ದೊಡ್ಡ ಕಣಗಳು ದ್ರಾವಣದಲ್ಲಿರಬೇಕು, ಅವು ನೀರನ್ನು ಹೊರಗೇ ಹಿಡಿದಿಡುತ್ತವೆ. 1969ರಲ್ಲಿ ಕಾಲಿನ್ಸ್ ಎಂಬುವರ ದ್ರಾವಣ ಬಂತು. 1980ರ ದಶಕದ ಕೊನೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ದ್ರಾವಣ ಬಂತು, ವೈದ್ಯರು ಅದನ್ನು ಯುಡಬ್ಲ್ಯೂ ಎನ್ನುತ್ತಾರೆ. ಅದರಲ್ಲಿ ರಾಫಿನೋಸ್, ಲ್ಯಾಕ್ಟೋಬಯೋನೇಟ್ ಎಂಬ ದೊಡ್ಡ ಕಣಗಳಿವೆ. ಜರ್ಮನಿಯಲ್ಲಿ ಮೊದಲು ಹೃದಯ ಶಸ್ತ್ರಚಿಕಿತ್ಸೆಗಾಗಿ ಬ್ರೆಟ್‌ಶ್ನೈಡರ್ ಎಂಬ ವಿಜ್ಞಾನಿ ರೂಪಿಸಿದ ಎಚ್‌ಟಿಕೆ ದ್ರಾವಣ ಇನ್ನೊಂದು. ಅದರಲ್ಲಿ ಮ್ಯಾನಿಟಾಲ್ ಇದೆ, ಆಮ್ಲವನ್ನು ಹತೋಟಿಯಲ್ಲಿಡುವ ಹಿಸ್ಟಿಡಿನ್ ಇದೆ. ಅದು ನೀರಿನಷ್ಟೇ ತೆಳ್ಳಗಿರುವುದರಿಂದ ಕಿಡ್ನಿಯೊಳಗಿನ ರಕ್ತವನ್ನು ಬೇಗ ತೊಳೆಯುತ್ತದೆ.

ಯುಡಬ್ಲ್ಯೂ ದ್ರಾವಣದಲ್ಲಿ ಪೊಟ್ಯಾಸಿಯಂ ಬಹಳ ಇದೆ ಎಂದು ಕೇಳಿ ತಮ್ಮ ಬೆಚ್ಚಿಬಿದ್ದ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಪೊಟ್ಯಾಸಿಯಂ ಹೆದರಿಕೆಗೆ ಎಳನೀರು, ಬಾಳೆಹಣ್ಣುಗಳನ್ನು ಬಿಟ್ಟವರಲ್ಲವೇ! ಜೀವಕೋಶದ ಒಳಗೆ ಇರುವಷ್ಟೇ ಪೊಟ್ಯಾಸಿಯಂ ಹೊರಗೂ ಇದ್ದರೆ, ಪಂಪು ಮಲಗಿದಾಗಲೂ ಅದು ಸೋರಿಹೋಗುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಈ ವಿಭಾಗದವರು ಬಳಸುವುದು ಎಚ್‌ಟಿಕೆ, ಅದರಲ್ಲಿ ಪೊಟ್ಯಾಸಿಯಂ ಕಡಿಮೆ. ಬದುಕಿರುವ ದಾನಿಯ ಕಿಡ್ನಿ ಹೊರಗಿರುವುದು ಸ್ವಲ್ಪ ಹೊತ್ತು ಮಾತ್ರವಾದ್ದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿದ, ಸಲೈನಿನಂಥದೇ ದ್ರವವಾದ ತಣ್ಣನೆಯ ರಿಂಗರ್ ಲ್ಯಾಕ್ಟೇಟಿನಲ್ಲೇ ಕೆಲಸ ಮುಗಿಸುವ ಕೇಂದ್ರಗಳೂ ಇವೆ, ಅದೂ ಒಪ್ಪಿತವಾದ ಪದ್ಧತಿಯೇ ಎಂದು ಶಸ್ತ್ರಚಿಕಿತ್ಸಕರು ಮುಚ್ಚುಮರೆಯಿಲ್ಲದೆ ಹೇಳಿದರು. ನಮ್ಮ ಬಿಲ್ಲಿನಲ್ಲಿ ಎಚ್‌ಟಿಕೆ ದ್ರಾವಣ ಪ್ರತ್ಯೇಕ ಸಾಲಾಗಿ ಬಂದಿದೆ. ಯಾವುದಕ್ಕೆ ಹಣ ಕೊಟ್ಟೆವೆಂದು ಗೊತ್ತಿದ್ದುದರಿಂದ ಆ ಸಾಲನ್ನು ನಾನು ತಕರಾರಿಲ್ಲದೆ ಓದಿದೆ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ನನ್ನ ಒತ್ತಾಯಕ್ಕೆ ಕಸಿ ಸಂಯೋಜಕರು ಓಟಿಯ ಹೊರ ಪಡಸಾಲೆಯಲ್ಲಿದ್ದ ಡೀಪ್ ಫ್ರೀಜರ್ ತೆಗೆದು ತೋರಿಸಿದರು. ಸಲೈನ್ ಚೀಲಗಳನ್ನು ಅಡ್ಡಡ್ಡ ಮಲಗಿಸಿ ಗಟ್ಟಿ ಮಾಡಿಟ್ಟಿದ್ದರು. ಶಸ್ತ್ರಚಿಕಿತ್ಸೆಯ ದಿನ ಅವನ್ನು ಕುಟ್ಟಿ ಪುಡಿ ಮಾಡಿ, ಸೋಂಕಿಲ್ಲದ ಬೋಗುಣಿಗೆ ಸುರಿದು, ಇನ್ನಷ್ಟು ತಣ್ಣನೆಯ ಸಲೈನ್ ಬೆರೆಸುತ್ತಾರೆ. ಬರ್ಫ ಕೆಸರಿನಂತಾಗುತ್ತದೆ. ಪ್ರತಿ ಚೀಲದ ಮೇಲೆ ಇಟ್ಟ ದಿನಾಂಕವನ್ನು ನೀಲಿ ಶಾಯಿಯಲ್ಲಿ ಬರೆದಿದ್ದರು, ಮೂಲೆ ಸೀಳಿದ ಒಂದು ಚೀಲವನ್ನು ಬೇರೆ ತೆಗೆದಿಟ್ಟಿದ್ದರು. ಇದನ್ನು ನೋಡಿ ನನಗೆ ಧೈರ್ಯ ಬಂತು. ಬಾಗಿಲಿಗೆ ಅಂಟಿಸಿದ್ದ ಉಷ್ಣತೆಯ ಪಟ್ಟಿಯಲ್ಲಿ ದಿನಕ್ಕೆ ಎರಡು ನಮೂದುಗಳಿದ್ದವು, ಆದರೆ ಭಾನುವಾರ ಸಂಜೆಯ ಮನೆ ಖಾಲಿ ಇತ್ತು. ನಮ್ಮ ಮಣೂಕದ ರಜಿಸ್ಟರಿನಲ್ಲಿ ಒಂದು ಮನೆ ಖಾಲಿ ಬಿಟ್ಟವರನ್ನು ನಾನು ಸುಮ್ಮನೆ ಬಿಡುವುದಿಲ್ಲ. ಇಲ್ಲಿಯೂ ಹೇಳಿದೆ. ಸಂಯೋಜಕರು ಬೇಸರ ಮಾಡಿಕೊಳ್ಳದೆ ಬರೆದುಕೊಂಡರು.

ನನ್ನ ದೊಡ್ಡ ತಕರಾರು ಅದೇ ರಾತ್ರಿಯದು. ಕಿಡ್ನಿಯ ಕಾಪಾಡುವಿಕೆ ಬರ್ಫದ ಬೋಗುಣಿಯಲ್ಲಿ ಶುರುವಾಗುವುದಿಲ್ಲ, ಅದು ಅವ್ವನ ಮೈಯಲ್ಲೇ ಶುರುವಾಗುತ್ತದೆ. ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಗೆ ಗಾಳಿ ತುಂಬುತ್ತಾರೆ, ಆ ಒತ್ತಡಕ್ಕೆ ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ದಾನಿಯ ಮೈಯಲ್ಲಿ ನೀರಿನ ಅಂಶ ಸಾಕಷ್ಟಿದ್ದರೆ ಕಿಡ್ನಿ ಅದನ್ನು ತಡೆದುಕೊಳ್ಳುತ್ತದೆ. ಹಾಗಾಗಿ ರಾತ್ರಿ ಹತ್ತು ಗಂಟೆಗೆ ಸಲೈನ್ ಹಚ್ಚಬೇಕೆಂದು ಆದೇಶವಿತ್ತು. ಅವ್ವ ಬಾಯಿಗೆ ನೀರು ಹಾಕದೆ ಮಲಗಿದ್ದಳು. ಕೈಯ ಸೂಜಿ ಸರಿದು ಸೋರುತ್ತಿತ್ತು. ಆ ವಾರ್ಡಿಗೆ ಒಬ್ಬರೇ ಸಿಸ್ಟರ್ ಇದ್ದರು, ಅವರು ಪಕ್ಕದ ಕೋಣೆಯ ತುರ್ತಿನಲ್ಲಿದ್ದರು. ನಾನು ಮೂರು ಸಲ ಹೋಗಿ ಕೇಳಿದ ಮೇಲೆ, ರಾತ್ರಿ ಒಂದು ಗಂಟೆಗೆ ಹೊಸ ಸೂಜಿ ಚುಚ್ಚಿ ಸಲೈನ್ ಹಚ್ಚಿದರು. ಮೂರು ತಾಸು ಹೋಯಿತು. ಬೆಳಿಗ್ಗೆ ಅರಿವಳಿಕೆ ತಜ್ಞರು ಚೀಟಿ ನೋಡಿದ ಕೂಡಲೇ ಇದನ್ನು ಗುರುತಿಸಿ, ಓಟಿಗೆ ಒಯ್ಯುವ ಮುನ್ನ ಹೆಚ್ಚಿನ ದ್ರವ ಕೊಟ್ಟು, ಮೂತ್ರದ ಪ್ರಮಾಣ ನೋಡಿಯೇ ಮುಂದುವರಿದರು. ಹಾನಿಯಾಗಲಿಲ್ಲ. ಆದರೂ ದಾನಿಯ ಸಲೈನ್ ಎಂದರೆ ಹಸಿದಿರುವವರಿಗೆ ಆಸರೆಗಾಗಿ ಹಚ್ಚುವ ಬಾಟಲಿ ಎಂದು ವಾರ್ಡಿನವರು ತಿಳಿದಿದ್ದರೆ ಅದು ತಪ್ಪು. ಅದು ಕಸಿಯ ಮೊದಲ ಹೆಜ್ಜೆ.

ಬೆಳಿಗ್ಗೆ ಎಂಟಕ್ಕೆ ಅವ್ವನನ್ನು ಒಳಗೆ ಒಯ್ದರು, ಒಂದು ತಾಸು ಬಿಟ್ಟು ತಮ್ಮನನ್ನು ಪಕ್ಕದ ಓಟಿಗೆ ಒಯ್ದರು. ಎರಡು ಓಟಿಗಳ ನಡುವೆ ಒಳಬಾಗಿಲು ಇದೆ. ಅಣ್ಣ ಎಂದು ನಾನೊಬ್ಬ, ಮಾಮಾ ಒಬ್ಬರು, ಇಬ್ಬರೇ ಹೊರಗಿದ್ದೆವು. ಒಳಗೆ ನಡೆದದ್ದನ್ನು ಶಸ್ತ್ರಚಿಕಿತ್ಸಕರು ಆಮೇಲೆ ಹೇಳಿದಂತೆ ಬರೆಯುತ್ತೇನೆ. ಅವ್ವನ ಎಡಗಡೆಯ ಕಿಡ್ನಿಯನ್ನು ಆರಿಸಿದ್ದರು, ಎಡಗಡೆಯ ಅಭಿಧಮನಿ, ಅಂದರೆ ಕಿಡ್ನಿಯಿಂದ ರಕ್ತ ಹೊರಗೊಯ್ಯುವ ನಾಳ, ಉದ್ದ ಇರುವುದರಿಂದ ಹೊಲಿಯಲು ಅನುಕೂಲ. ಸುತ್ತಲಿನ ಕೊಬ್ಬನ್ನು ಬಿಡಿಸುವಾಗ ಮೂತ್ರನಾಳದ ಪಕ್ಕದ ಕೊಬ್ಬನ್ನು ಬೇಕೆಂದೇ ಉಳಿಸುತ್ತಾರೆ, ಅದರೊಳಗೇ ಮೂತ್ರನಾಳಕ್ಕೆ ರಕ್ತ ಒಯ್ಯುವ ಎಳೆಗಳಿರುತ್ತವೆ. ಕಿಡ್ನಿಯನ್ನು ಎಳೆದಾಡಿದರೆ ಅದಕ್ಕೆ ರಕ್ತ ತರುವ ಅಪಧಮನಿ ಸೆಟೆದು ಮುಚ್ಚಿಕೊಳ್ಳುತ್ತದೆ, ಹೀಗಾಗಿ ನಡುನಡುವೆ ಕೈ ತೆಗೆದು ಅದಕ್ಕೆ ವಿಶ್ರಾಂತಿ ಕೊಡುತ್ತಾರೆ. ಮೂತ್ರ ಹೆಚ್ಚಿಸುವ ಮ್ಯಾನಿಟಾಲ್ ಕೊಟ್ಟು, ಮೂತ್ರನಾಳ ಕತ್ತರಿಸಿ, ತುದಿಯಿಂದ ಮೂತ್ರ ತೊಟ್ಟಿಕ್ಕುವುದನ್ನು ನೋಡಿಯೇ ಮುಂದಿನ ಹೆಜ್ಜೆ ಇಡುತ್ತಾರೆ. ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಕೊಡುತ್ತಾರೆ. ಮೊದಲು ಅಪಧಮನಿಗೆ ಕ್ಲಿಪ್, ಆಮೇಲೆ ಅಭಿಧಮನಿಗೆ. ಅದರ ಅನುಕ್ರಮ ತಪ್ಪುವಂತಿಲ್ಲ: ರಕ್ತ ಹೊರಗೆ ಹೋಗುವ ದಾರಿ ಮೊದಲೇ ಮುಚ್ಚಿದರೆ ಕಿಡ್ನಿ ರಕ್ತ ತುಂಬಿ ಉಬ್ಬುತ್ತದೆ.

ಅಪಧಮನಿಗೆ ಕ್ಲಿಪ್ ಬಿದ್ದ ಕ್ಷಣದಿಂದ ಗಡಿಯಾರ ಶುರು. ಕಿಬ್ಬೊಟ್ಟೆಯ ಕೆಳಗಿನ ಸಣ್ಣ ಕೊಯ್ತದಿಂದ ಕಿಡ್ನಿಯನ್ನು ಹೊರತೆಗೆದು, ಬರ್ಫದ ಬೋಗುಣಿಗೆ ಇಳಿಸಿ, ಅಪಧಮನಿಯ ಬಾಯಿಗೆ ತೂರುನಳಿಕೆ ಸೇರಿಸಿ ತಣ್ಣನೆಯ ದ್ರಾವಣ ಬಿಡಲು ನಮ್ಮ ಅವ್ವನ ವಿಷಯದಲ್ಲಿ 4 ನಿಮಿಷ ಹಿಡಿಯಿತು. ಮೊದಲು ಕೆಂಪಗೆ ಹೊರಬರುವ ದ್ರಾವಣ ಆಮೇಲೆ ತಿಳಿಯಾಗುತ್ತದೆ, ಕಿಡ್ನಿ ಕೆಂಗಂದು ಬಣ್ಣ ಕಳೆದುಕೊಂಡು ಮಾಸಲು ಬಿಳುಪಾಗುತ್ತದೆ. ಕಿಡ್ನಿ ಮತ್ತು ಬರ್ಫದ ನಡುವೆ ಬಟ್ಟೆ ಅಥವಾ ದ್ರವದ ಪದರ ಇರಲೇಬೇಕು, ಬರ್ಫದ ಗಡ್ಡೆ ನೇರ ತಗುಲಿದ ಜಾಗದಲ್ಲಿ ಜೀವಕೋಶ ಹೆಪ್ಪುಗಟ್ಟಿ ಒಡೆಯುತ್ತದೆ. ಹಸಿ ದ್ರಾಕ್ಷಿ ಬರ್ಫಕ್ಕೆ ತಾಗಿ ಕಪ್ಪಾಗುವುದನ್ನು ನಾನು ನೋಡಿದ್ದೇನೆ. ಆ ಬೋಗುಣಿಯಲ್ಲೇ ಹೆಚ್ಚುವರಿ ಕೊಬ್ಬು ತೆಗೆದು, ನಾಳಗಳ ತುದಿಗಳನ್ನು ಹೊಲಿಗೆಗೆ ಅಣಿ ಮಾಡಿ, ತಮ್ಮನ ಕಡೆ ಜಾಗ ಸಿದ್ಧವಾಗುವ ತನಕ ಕಿಡ್ನಿ ಇದ್ದದ್ದು 58 ನಿಮಿಷ.

ಒಟ್ಟು 98ರಲ್ಲಿ ಇನ್ನುಳಿದ 36 ನಿಮಿಷಗಳೇ ನನ್ನನ್ನು ಹೆಚ್ಚು ಕಾಡಿದವು. ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಮಾಲು ಕೆಡುವುದು ಒಳಗೆ ಇದ್ದಾಗ ಅಲ್ಲ, ಲಾರಿಗೆ ಏರಿಸುವ ಕಟ್ಟೆಯ ಮೇಲೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಕೋಣೆಯಿಂದ ಹೊರಬಂದ ಬಾಕ್ಸು ಹತ್ತೇ ನಿಮಿಷಕ್ಕೆ ಬೆವರುತ್ತದೆ. ಕಿಡ್ನಿಗೂ ಇಂಥ ಒಂದು ಕಟ್ಟೆ ಇದೆ. ಬರ್ಫದಿಂದ ಎತ್ತಿ ತಮ್ಮನ ಬಲಗಡೆಯ ಕಿಬ್ಬೊಟ್ಟೆಯಲ್ಲಿಟ್ಟ ಕ್ಷಣದಿಂದ ಅದು ಬಿಸಿಯಾಗತೊಡಗುತ್ತದೆ. ಆದರೆ ಅಭಿಧಮನಿಯನ್ನೂ ಅಪಧಮನಿಯನ್ನೂ ಕಾಲಿನ ಕಡೆ ಹೋಗುವ ದೊಡ್ಡ ನಾಳಗಳಿಗೆ ಹೊಲಿದು ಮುಗಿಸುವ ತನಕ ರಕ್ತ ಸಿಗುವುದಿಲ್ಲ. ಕೂದಲೆಳೆಯಂಥ ಸಣ್ಣ ದಾರದಲ್ಲಿ ಒಂದು ಹನಿಯೂ ಸೋರದಂತೆ ಹಾಕುವ ಹೊಲಿಗೆ ಅದು, ಅವಸರ ಮಾಡುವಂತಿಲ್ಲ, ತಡವೂ ಆಗುವಂತಿಲ್ಲ. ಈ ವಿಭಾಗದವರು ಕಿಡ್ನಿಗೆ ಗಾಜ್ ಬಟ್ಟೆಯ ಅಂಗಿ ತೊಡಿಸಿ, ಅದರ ಮಡಿಕೆಯೊಳಗೆ ಬರ್ಫದ ಕೆಸರು ತುಂಬಿ, ನಾಳಗಳಿಗಷ್ಟೇ ಕಿಂಡಿ ಬಿಟ್ಟು ಹೊಲಿಯುತ್ತಾರೆ. ಸಹಾಯಕರೊಬ್ಬರು ಕೆಲವು ನಿಮಿಷಕ್ಕೊಮ್ಮೆ ಮೇಲಿನಿಂದ ತಣ್ಣನೆಯ ಸಲೈನ್ ಹನಿಸುತ್ತಾರೆ. ಹೀಗೆ ಮಾಡಿದ್ದಾಗಿ ಶಸ್ತ್ರಚಿಕಿತ್ಸಕರು ಹೇಳಿದಾಗ, ಅವರಿಗೆ ಕಟ್ಟೆಯ ಕಷ್ಟ ಗೊತ್ತಿದೆ ಎಂದು ನನಗೆ ಸಮಾಧಾನವಾಯಿತು. ಹೊಗಳಲೇಬೇಕಾದ ಒಂದು ಕೆಲಸ ಇದ್ದರೆ ಅದು ಇದು.

ರಕ್ತ ಬಿಡುವ ಹೊತ್ತೂ ನಿರಪಾಯವಲ್ಲ. ಹಸಿದ ಜೀವಕೋಶಗಳಿಗೆ ಥಟ್ಟನೆ ಆಮ್ಲಜನಕ ಸಿಕ್ಕಾಗ ಅದರಿಂದಲೇ ಹಾನಿಕಾರಕ ಕಣಗಳು ಹುಟ್ಟುತ್ತವೆ. ಹೊಸ ಕಿಡ್ನಿಗೆ ರಕ್ತ ರಭಸದಿಂದ ನುಗ್ಗಬೇಕು ಎಂದು ಅರಿವಳಿಕೆ ತಜ್ಞರು ಮೊದಲೇ ತಮ್ಮನ ಮೈಗೆ ದ್ರವ ತುಂಬಿ, ರಕ್ತದೊತ್ತಡವನ್ನು ಸ್ವಲ್ಪ ಮೇಲೆಯೇ ನಿಲ್ಲಿಸಿದ್ದರು. ಹನ್ನೆರಡೂಮುಕ್ಕಾಲಿಗೆ ಸಂಯೋಜಕರು ಹೊರಗೆ ಬಂದು, "ಕ್ಲ್ಯಾಂಪ್ ಬಿಟ್ಟಾರ್ರಿ ಅಣ್ಣಾರ, ಕಿಡ್ನಿ ಗುಲಾಬಿ ಆತು, ಮೂತ್ರ ಬರಾಕತ್ತೈತಿ" ಎಂದರು. ಮಾಮಾ ಗೋಡೆಗೆ ಒರಗಿ ಕೂತುಬಿಟ್ಟರು. ಮೂತ್ರನಾಳವನ್ನು ಮೂತ್ರಕೋಶಕ್ಕೆ ಜೋಡಿಸುವ ಮೊದಲೇ, ಅದರ ತುದಿಯಿಂದ ಮೇಜಿನ ಮೇಲೆಯೇ ಮೂತ್ರ ಹನಿಯತೊಡಗಿತ್ತು.

ಮೊದಲ ದಿನದ ಆರೈಕೆ ಚೆನ್ನಾಗಿತ್ತು. ತಾಸಿಗೊಮ್ಮೆ ಮೂತ್ರ ಅಳೆದು, ಹೋದಷ್ಟೇ ದ್ರವವನ್ನು ಸಲೈನ್ ಮೂಲಕ ಮರಳಿ ಕೊಡುತ್ತಿದ್ದರು. ಇಪ್ಪತ್ನಾಲ್ಕು ತಾಸಿನಲ್ಲಿ 11 ಲೀಟರ್ ಆಯಿತು. ಹದಿನಾಲ್ಕು ತಿಂಗಳಲ್ಲಿ ದಿನಕ್ಕೆ ಒಂದು ಲೋಟವೂ ಮೂತ್ರ ಹೋಗದಿದ್ದ ಹುಡುಗ ಆ ಚೀಲವನ್ನೇ ನೋಡುತ್ತ ಮಲಗಿದ್ದ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಲ್ಮಶವಾದ ಕ್ರಿಯಾಟಿನಿನ್ ರಕ್ತದಲ್ಲಿ 9.2 ಇದ್ದದ್ದು ಆರನೆಯ ದಿನಕ್ಕೆ 1.3ಕ್ಕೆ ಬಂತು. ಕಸಿಯಾದ ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾದರೆ ಕಿಡ್ನಿ ತಡವಾಗಿ ಎಚ್ಚರಗೊಂಡಿತು ಎಂದು ಲೆಕ್ಕ. ತಮ್ಮನಿಗೆ ಒಂದು ಸಲವೂ ಬೇಕಾಗಲಿಲ್ಲ. ಅವ್ವ ಐದನೆಯ ದಿನ ಮನೆಗೆ ಬಂದಳು. ತಮ್ಮನ ಮೂತ್ರನಾಳದಲ್ಲಿಟ್ಟಿದ್ದ ಸ್ಟೆಂಟ್ ಎಂಬ ಸಣ್ಣ ಕೊಳವೆಯನ್ನು ನಾಲ್ಕನೆಯ ವಾರ ತೆಗೆದರು.

ಡಿಸ್ಚಾರ್ಜ್ ಚೀಟಿಯ ಮೊದಲ ಪ್ರತಿಯಲ್ಲಿ ಔಷಧಗಳ ಪಟ್ಟಿ, ತಪಾಸಣೆಯ ದಿನಾಂಕ ಎಲ್ಲ ಇದ್ದವು. ನಾನು ಹುಡುಕುತ್ತಿದ್ದ, ಕಿಡ್ನಿ ರಕ್ತವಿಲ್ಲದೆ ಇದ್ದ ಸಮಯದ ಮೂರು ಸಾಲು ಮಾತ್ರ ಇರಲಿಲ್ಲ. ಕೇಳಿದಾಗ ಕೌಂಟರಿನವರು ಅದನ್ನೆಲ್ಲ ರೋಗಿಗೆ ಕೊಡುವುದಿಲ್ಲ ಎಂದರು. ಮತ್ತೆ ಶಸ್ತ್ರಚಿಕಿತ್ಸಕರ ಹತ್ತಿರ ಹೋಗಬೇಕಾಯಿತು. ಅವರು ಓಟಿಯ ಟಿಪ್ಪಣಿ ತೆಗೆಸಿ, 4, 58, 36 ಎಂದು ಸಮಯಗಳನ್ನು ಸೇರಿಸಿ ಹೊಸ ಪ್ರತಿ ಕೊಟ್ಟರು. ಮುಂದೆ ಯಾವತ್ತಾದರೂ ಕ್ರಿಯಾಟಿನಿನ್ ಏರಿದರೆ, ಬೇರೆ ಊರಿನ ವೈದ್ಯರಿಗೆ ತೋರಿಸಬೇಕಾಗಿ ಬಂದರೆ, ಈ ಕಿಡ್ನಿ ಹೇಗೆ ಶುರುವಾಯಿತು ಎಂಬುದು ಅವರಿಗೆ ತಿಳಿದಿರಬೇಕು. ಇದು ಕೇಳದೆಯೇ ಸಿಗಬೇಕಾದ ಮಾಹಿತಿ.

ಮಿದುಳು ನಿಷ್ಕ್ರಿಯಗೊಂಡ ದಾನಿಗಳಿಂದ ಬರುವ ಕಿಡ್ನಿಗಾಗಿ ಕಾಯುತ್ತಿರುವವರಿಗೆ ಒಂದು ಮಾತು. ರಾಜ್ಯದಲ್ಲಿ ಆ ಹಂಚಿಕೆಯನ್ನು ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ. ಅಲ್ಲಿ ಲೆಕ್ಕ ನಿಮಿಷಗಳದ್ದಲ್ಲ, ತಾಸುಗಳದ್ದು. ಬೆಂಗಳೂರಿನಿಂದ ಬೆಳಗಾವಿಗೆ ರಸ್ತೆಯಲ್ಲಿ ಸುಮಾರು 500 ಕಿಲೋಮೀಟರ್. ಮೂರು ಪದರದ ಚೀಲದಲ್ಲಿ, ದ್ರಾವಣದೊಳಗೆ, ಬರ್ಫದ ಪೆಟ್ಟಿಗೆಯಲ್ಲಿ ಬರುವ ಕಿಡ್ನಿಯನ್ನು 24 ತಾಸಿನೊಳಗೆ ಕಸಿ ಮಾಡುವುದು ಒಳ್ಳೆಯದು, ಎಷ್ಟು ಬೇಗವೋ ಅಷ್ಟು ಲೇಸು. ಇಂಥ ಕಿಡ್ನಿಗಳಿಗಾಗಿಯೇ ತಣ್ಣನೆಯ ದ್ರಾವಣವನ್ನು ನಿರಂತರ ಹಾಯಿಸುತ್ತಿರುವ ಯಂತ್ರಗಳಿವೆ. ನೆದರ್ಲೆಂಡ್ಸ್, ಬೆಲ್ಜಿಯಂ ಮತ್ತು ಜರ್ಮನಿಯ ಒಂದು ಪ್ರಾಂತದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 336 ದಾನಿಗಳ ಒಂದು ಕಿಡ್ನಿಯನ್ನು ಯಂತ್ರದಲ್ಲಿ, ಇನ್ನೊಂದನ್ನು ಬರ್ಫದಲ್ಲಿ ಇಟ್ಟು ಹೋಲಿಸಿದರು. ತಡವಾಗಿ ಎಚ್ಚರಗೊಂಡ ಕಿಡ್ನಿಗಳು ಯಂತ್ರದ ಕಡೆ 70, ಬರ್ಫದ ಕಡೆ 89. ನಾವು ಹೋದ ವಿಭಾಗದಲ್ಲಿ ಆ ಯಂತ್ರವಿಲ್ಲ. ಅಕ್ಕಪಕ್ಕದ ಓಟಿಯಲ್ಲಿ ನಡೆಯುವ ನಮ್ಮಂಥವರ ಕಸಿಗೆ ಅದರ ಅಗತ್ಯವೂ ಇಲ್ಲ. ಆದರೆ ದೂರದಿಂದ ಬರುವ ಕಿಡ್ನಿಗಾಗಿ ಹೆಸರು ಬರೆಸುವವರು ಅದನ್ನು ಕೇಳಿಯೇ ಬರೆಸಬೇಕು.

ಉಳಿದವು ಸಣ್ಣ ಸಂಗತಿಗಳು. ಕೋಣೆ ಸ್ವಚ್ಛವಿತ್ತು. ಕಾಯುವವರಿಗೆ ಕುರ್ಚಿಗಳು ಸಾಲವು. ಎದುರಿನ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಸಿಗುತ್ತದೆ, ಆದರೆ ರೋಗಿಗೆ ಹೊರಗಿನ ಊಟ ಬಿಡುವುದಿಲ್ಲ, ಸೋಂಕಿನ ಭಯಕ್ಕೆ ಹಾಗೆ ಮಾಡುವುದೇ ಸರಿ. ವಿಜಯಪುರದಿಂದ ಜಮಖಂಡಿ, ಮುಧೋಳ, ಯರಗಟ್ಟಿ ಮೇಲಿಂದ ಬರುವವರು ತಪಾಸಣೆಯ ದಿನ ಮೈ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆಯೇ ನುಂಗಬೇಕು ಎಂಬುದನ್ನು ಮರೆಯಬಾರದು, ಬೆಳಗಿನ ಬಸ್ಸಿನಲ್ಲಿ ಅಭ್ಯಾಸಬಲದಿಂದ ನುಂಗಿಬಿಟ್ಟು ನಾವು ಒಂದು ದಿನ ಕಳೆದುಕೊಂಡೆವು.

ಒಪ್ಪಿಗೆ ಪತ್ರದ ಬಗ್ಗೆ ಮಾತ್ರ ಬಿಡದೆ ಹೇಳಬೇಕು. ಅದು ಇಂಗ್ಲಿಷಿನಲ್ಲಷ್ಟೇ ಇತ್ತು. ಸಿಸ್ಟರ್ ಕನ್ನಡದಲ್ಲಿ ಓದಿ ಹೇಳಿದರು, ಪಕ್ಕದ ಹಾಸಿಗೆಯವರಿಗೆ ಮರಾಠಿಯಲ್ಲಿ ಹೇಳಿದರು. ಅವ್ವನಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ. ತನ್ನ ಮೈಯಿಂದ ಒಂದು ಅಂಗವನ್ನು ತೆಗೆಯಲು ಒಪ್ಪಿ ಸಹಿ ಮಾಡುವ ಹಾಳೆಯನ್ನು ಅವಳೇ ಓದುವಂತಾಗಬೇಕಿತ್ತು. ಇದನ್ನೂ, ದಾನಿಯ ಸಲೈನ್ ತಡವಾದದ್ದನ್ನೂ, ಚೀಟಿಯ ಮೂರು ಸಾಲುಗಳನ್ನೂ ಸೇರಿಸಿ ವಿಭಾಗದ ಮುಖ್ಯಸ್ಥರಿಗೆ ಪತ್ರ ಕೊಟ್ಟೆ. ಮೂರನೆಯ ತಪಾಸಣೆಗೆ ಹೋದಾಗ ಸಂಯೋಜಕರು ಕನ್ನಡದ ಕರಡು ತೋರಿಸಿದರು. "ಕಿಡ್ನಿಯನ್ನು ತಣ್ಣನೆಯ ದ್ರಾವಣದಲ್ಲಿ ಇಡಲಾಗುತ್ತದೆ" ಎಂದು ಅದರಲ್ಲಿ ಒಂದು ಸಾಲಿತ್ತು. ಎಷ್ಟು ಹೊತ್ತು ಎಂಬುದನ್ನೂ ಬರೆಯಿರಿ ಎಂದು ಅವ್ವ ಅಲ್ಲೇ ಹೇಳಿದಳು, ಅವರು ಪೆನ್ನು ತೆಗೆದು ಅಂಚಿನಲ್ಲಿ ಗುರುತು ಮಾಡಿಕೊಂಡರು.